ಅಮ್ಮನಿಗೆ ನನ್ನ ಹಳೇ ಐಫೋನ್ ಕೊಡಲಾ, ಹೊಸ ಆಂಡ್ರಾಯ್ಡ್ ಕೊಡಿಸಲಾ?

ಓದುಗರ ಪ್ರಶ್ನೆ: ನಾನು ಹೊಸ ಐಫೋನ್ ತಗೊಳ್ತಾ ಇದ್ದೀನಿ. ನನ್ನ ಐಫೋನ್ 11 ಇನ್ನೂ ಚೆನ್ನಾಗಿದೆ. ಊರಲ್ಲಿರೋ ಅಮ್ಮನಿಗೆ ಅದನ್ನೇ ಕೊಡೋಣ ಅಂತ ಆಸೆ, ಐಫೋನ್ ಸೇಫ್ ಅಂತ ಎಲ್ಲರೂ ಹೇಳ್ತಾರೆ. ಆದರೆ ಅಮ್ಮ ಇಷ್ಟು ವರ್ಷ ಬಳಸಿರೋದು ಆಂಡ್ರಾಯ್ಡ್. ಏನು ಮಾಡಲಿ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಮ್ಮನಿಗೆ ಆಂಡ್ರಾಯ್ಡ್ ಕೊಡಿಸಿ. ನಿಮ್ಮ ಐಫೋನ್ ಕೆಟ್ಟದು ಅಂತ ಅಲ್ಲ, ಅದು ಬಹಳ ಒಳ್ಳೆಯ ಫೋನ್. ಆದರೆ ಅಮ್ಮನ ಬೆರಳಿಗೆ ಒಂದು ದಾರಿ ಗೊತ್ತಿದೆ, ಆ ದಾರಿಯನ್ನು ಅಳಿಸಿ ಹೊಸದನ್ನು ಕಲಿಸೋಕೆ ನೀವು ಊರಲ್ಲಿ ಇರೋದಿಲ್ಲ, ಅಲ್ವಾ?

ಮೂರು ವರ್ಷದ ಹಿಂದೆ ನಾನೂ ಹೀಗೇ ಪ್ರೀತಿಯಿಂದ ನನ್ನ ಐಫೋನನ್ನು ಅಮ್ಮನಿಗೆ ಕೊಟ್ಟು ಬಂದೆ. ಮಾರನೇ ದಿನದಿಂದ ಫೋನ್ ಶುರುವಾಯಿತು. "ಹಿಂದಕ್ಕೆ ಹೋಗೋದು ಎಲ್ಲಿ ಒತ್ತಬೇಕು?" ಈ ಪ್ರಶ್ನೆಗೆ ಐಫೋನ್‌ನಲ್ಲಿ ಒಂದೇ ಮಾತಿನ ಉತ್ತರ ಇಲ್ಲ. ಕೆಲವು ಕಡೆ ಎಡ ಅಂಚಿನಿಂದ ಬೆರಳು ಎಳೆಯಬೇಕು, ಕೆಲವು ಕಡೆ ಮೇಲೆ ಮೂಲೆಯಲ್ಲಿ ಸಣ್ಣ ಬಾಣ ಇರುತ್ತದೆ, ಇನ್ನು ಕೆಲವು ಕಡೆ ಪರದೆಯನ್ನೇ ಕೆಳಗೆ ಎಳೆದು ಮುಚ್ಚಬೇಕು. ಆಂಡ್ರಾಯ್ಡ್‌ನಲ್ಲಾದರೆ ಕೆಳಗಿನ ಆ ಮೂರು ಬಟನ್‌ಗಳಲ್ಲಿ ಒಂದು ಯಾವಾಗಲೂ ಹಿಂದಕ್ಕೇ ಕರೆದುಕೊಂಡು ಹೋಗುತ್ತದೆ. ಏನೇ ತಪ್ಪು ಒತ್ತಿದರೂ ವಾಪಸ್ ಬರಬಹುದು ಅನ್ನೋ ಧೈರ್ಯ ಇದೆಯಲ್ಲ, ವಯಸ್ಸಾದವರು ಫೋನ್ ಬಳಸೋದೇ ಆ ಧೈರ್ಯದ ಮೇಲೆ. ಎರಡು ವಾರದಲ್ಲಿ ಐಫೋನ್ ಬೀರು ಸೇರಿತು. ಅಮ್ಮ ಹಳೇ ಫೋನಿಗೆ ವಾಪಸ್ ಹೋದರು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಅವಸರದಲ್ಲಿ ಅಮ್ಮನ ವಾಟ್ಸಾಪ್ ಅನ್ನು ಹಾಗೇ ಐಫೋನ್‌ನಲ್ಲಿ ತೆರೆದುಬಿಟ್ಟಿದ್ದೆ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತದೆ, ಐಫೋನ್‌ನದು ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ಗೆ. ಅದನ್ನು ಇದರಲ್ಲಿ ಬಿಚ್ಚೋಕೆ ಆಗೋದಿಲ್ಲ. ಅಮ್ಮನ ಭಜನಾ ಮಂಡಳಿ ಗುಂಪಿನಲ್ಲಿ ಬಂದಿದ್ದ ಹಾಡಿನ ರೆಕಾರ್ಡಿಂಗ್‌ಗಳು, ಚಿಕ್ಕಮ್ಮ ಹಾಡಿ ಕಳಿಸಿದ್ದ ಹಸೆ ಹಾಡು, ಒಂದೂ ಹೊಸ ಫೋನಿನಲ್ಲಿ ಇರಲಿಲ್ಲ. ಹಳೇ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಿರಲಿಲ್ಲ, ಅದರಲ್ಲೇ ಉಳಿದಿದ್ದವು, ಬಚಾವಾದೆ. ಚಾಟ್ ಸಾಗಿಸೋಕೆ ದಾರಿ ಇಲ್ಲ ಅಂತ ಅಲ್ಲ. 2022ರಿಂದ ಆಪಲ್‌ನ ಮೂವ್ ಟು ಐಓಎಸ್ ಆ್ಯಪ್ ಮೂಲಕ ಆಂಡ್ರಾಯ್ಡ್‌ನ ವಾಟ್ಸಾಪ್ ಚಾಟ್‌ಗಳನ್ನು ಐಫೋನ್‌ಗೆ ಒಯ್ಯಬಹುದು. ಆದರೆ ಐಫೋನ್ ಹೊಸದಾಗಿರಬೇಕು, ಇಲ್ಲ ಪೂರ್ತಿ ಅಳಿಸಿ ಮೊದಲಿನಿಂದ ಸೆಟಪ್ ಮಾಡುತ್ತಿರಬೇಕು. ನಾನು ಮಾಡಿದ ಹಾಗೆ ಸೆಟಪ್ ಮುಗಿಸಿ ಆಮೇಲೆ ಹುಡುಕಿದರೆ ಕೈಗೆ ಸಿಗೋದಿಲ್ಲ.

ಈಗ "ಐಫೋನ್ ಸೇಫ್" ಅನ್ನೋ ಮಾತಿಗೆ ಬರೋಣ, ಯಾಕಂದರೆ ಅದರಲ್ಲಿ ನಿಜ ಇದೆ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ, ಗಾಡಿಯ ದಂಡದ ಚಲನ್ ಅಂತ, ಬ್ಯಾಂಕಿನ ಕೆವೈಸಿ ಅಂತ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ (.apk) ಅಂತ ಇರುತ್ತದೆ. ಅದು ಕಾಗದವೂ ಅಲ್ಲ, ಫೋಟೋವೂ ಅಲ್ಲ, ಅದೊಂದು ಆ್ಯಪ್. ಇನ್‌ಸ್ಟಾಲ್ ಮಾಡಿ, ಅದು ಕೇಳಿದ್ದಕ್ಕೆಲ್ಲ ಅನುಮತಿ ಕೊಟ್ಟರೆ ಬರುವ ಓಟಿಪಿಗಳನ್ನು ಓದಿ ಬೇರೆಯವರಿಗೆ ಕಳಿಸುತ್ತದೆ, ಖಾತೆ ಖಾಲಿಯಾಗುತ್ತದೆ. ನೋಡಿ, ಇಂಥ ಫೈಲ್ ಐಫೋನ್‌ನಲ್ಲಿ ತೆರೆದುಕೊಳ್ಳೋದೇ ಇಲ್ಲ. ಈ ಒಂದು ವಿಷಯದಲ್ಲಿ ಐಫೋನ್ ಖಂಡಿತ ಮೇಲು. ಹಾಗಂತ ಆಂಡ್ರಾಯ್ಡ್‌ನಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅನ್‌ನೋನ್ ಆ್ಯಪ್ಸ್ ಅಂತ ಹುಡುಕಿ. ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದರ ಮುಂದೆಯೂ ಹೊರಗಿನ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿ ಆಫ್ ಇದೆಯಾ ನೋಡಿ. ಪ್ಲೇ ಸ್ಟೋರ್‌ನಲ್ಲಿ ಕೆಟ್ಟ ಆ್ಯಪ್‌ಗಳನ್ನು ಹಿಡಿಯುವ ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ಅಮ್ಮನಿಗೆ ಒಂದೇ ಮಾತು ಹೇಳಿಕೊಡಿ: ಕರೆಯೋಲೆ ಯಾವತ್ತೂ ಇನ್‌ಸ್ಟಾಲ್ ಮಾಡು ಅಂತ ಕೇಳೋದಿಲ್ಲ.

ಆದರೆ ಪೊಲೀಸ್ ವೇಷ ಹಾಕಿ ವಿಡಿಯೋ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸುವವರನ್ನು ಯಾವ ಫೋನೂ ತಡೆಯೋದಿಲ್ಲ. ಒಂದು ಲಕ್ಷದ ಐಫೋನ್ ಹಿಡಿದವರೂ ಹೆದರಿ ಹಣ ಕಳಿಸಬಹುದು. ಹೆದರಿಕೆ ಇರೋದು ಮನಸ್ಸಿನಲ್ಲಿ, ಫೋನಿನಲ್ಲಲ್ಲ. ಅದಕ್ಕೆ 1930 ಅನ್ನೋ ಸೈಬರ್ ಅಪರಾಧ ಸಹಾಯವಾಣಿಯ ನಂಬರನ್ನು ಅಮ್ಮನ ಫೋನಿನಲ್ಲಿ ಸೇವ್ ಮಾಡಿಡಿ, ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿದರೂ ಒಳ್ಳೆಯದೇ.

ಕನ್ನಡದ ವಿಷಯದಲ್ಲಿ ಈಗ ಅಂತರ ಕಡಿಮೆಯಾಗಿದೆ. ಆಂಡ್ರಾಯ್ಡ್‌ನಲ್ಲಿ ಇಡೀ ಫೋನನ್ನು ಕನ್ನಡಕ್ಕೆ ತಿರುಗಿಸುವ ಆಯ್ಕೆ 2014ರ ಲಾಲಿಪಾಪ್ ಅನ್ನೋ ಆವೃತ್ತಿಯ ಕಾಲದಿಂದ ಇದೆ. ಐಫೋನ್‌ಗೆ ಕನ್ನಡ ಕೀಬೋರ್ಡ್ ಬಂದಿದ್ದು 2017ರಲ್ಲಿ, ಐಫೋನ್‌ನ ತಂತ್ರಾಂಶವಾದ ಐಓಎಸ್‌ನ 11ನೇ ಆವೃತ್ತಿಯ ಜೊತೆ. ಮೆನು, ಸೆಟ್ಟಿಂಗ್ಸ್ ಎಲ್ಲ ಕನ್ನಡದಲ್ಲಿ ಕಾಣುವ ಆಯ್ಕೆಗೆ 2025ರ ಐಓಎಸ್ 18.4ರವರೆಗೆ ಕಾಯಬೇಕಾಯಿತು. ಬಂದಿದ್ದು ನನಗಂತೂ ತುಂಬಾ ಖುಷಿ. ಅಮ್ಮ ಟೈಪ್ ಮಾಡೋದಕ್ಕಿಂತ ಮೈಕ್ ಒತ್ತಿ ಮಾತಾಡೋದೇ ಜಾಸ್ತಿ ಅನ್ನೋದಾದರೆ, ಆಂಡ್ರಾಯ್ಡ್‌ನ ಜಿಬೋರ್ಡ್ ಅನ್ನೋ ಗೂಗಲ್ ಕೀಬೋರ್ಡ್‌ನಲ್ಲಿ ಕನ್ನಡ ಸೇರಿಸಿದರೆ ಸಾಕು, ಮಾತಾಡಿದ್ದು ಅಕ್ಷರವಾಗುತ್ತದೆ.

ಸಿಮ್ ಲೆಕ್ಕವನ್ನೂ ನೋಡಿ. ಊರಲ್ಲಿ ಬಹಳ ಮನೆಗಳಲ್ಲಿ ಎರಡು ಸಿಮ್ ಇರುತ್ತವೆ, ಮನೆಯೊಳಗೆ ಒಂದರ ನೆಟ್‌ವರ್ಕ್ ಸಿಕ್ಕರೆ ತೋಟದಲ್ಲಿ ಇನ್ನೊಂದರದ್ದು. ಐಫೋನ್ 11ರಲ್ಲಿ ನಮ್ಮಲ್ಲಿ ಒಂದೇ ಸಿಮ್ ಹಾಕೋಕೆ ಜಾಗ, ಎರಡನೆಯದು ಇಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಸೇರುವ ಸಿಮ್ ಆಗಬೇಕು. ಅಮ್ಮ ಯುಪಿಐ ಬಳಸುತ್ತಿದ್ದರೆ ಹೊಸ ಫೋನಿನಲ್ಲಿ ಮತ್ತೆ ನೋಂದಣಿ ಮಾಡಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಅದರಿಂದ ಒಂದು ಎಸ್‌ಎಂಎಸ್ ಹೋಗಬೇಕು. ಆಂಡ್ರಾಯ್ಡ್‌ನಲ್ಲಿ ಆ್ಯಪ್ ತಾನೇ ಕಳಿಸುತ್ತದೆ, ಐಫೋನ್‌ನಲ್ಲಿ ಮೆಸೇಜ್ ತೆರೆದುಕೊಂಡಾಗ ನೀವೇ ಒತ್ತಿ ಕಳಿಸಬೇಕು. ರೀಚಾರ್ಜ್‌ನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೆ ಎರಡರಲ್ಲೂ ಕೆಲಸ ನಿಲ್ಲುತ್ತದೆ.

ಯಾವ ಆಂಡ್ರಾಯ್ಡ್ ಅಂತ ಕೇಳಿದರೆ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ನೋಡಬೇಡಿ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅಂತ ಕೇಳಿ. ಮೊದಲೆಲ್ಲ ಎರಡು ವರ್ಷಕ್ಕೆ ಕೈಬಿಡುತ್ತಿದ್ದರು, ಈಗ ಹಾಗಿಲ್ಲ. 2023ರ ಗೂಗಲ್ ಪಿಕ್ಸೆಲ್ 8, 2024ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಸಾಲಿನ ಫೋನ್‌ಗಳಿಗೆ 7 ವರ್ಷ ಅಂತ ಮಾತು ಕೊಟ್ಟಿದ್ದಾರೆ. ಅವು ದುಬಾರಿ ಫೋನ್‌ಗಳು, ನಿಜ. ಆದರೆ ಕಡಿಮೆ ಬೆಲೆಯ ಗ್ಯಾಲಕ್ಸಿ ಎ16ಕ್ಕೂ 6 ವರ್ಷ ಅಂದಿದ್ದಾರೆ. ನಿಮ್ಮ ಐಫೋನ್ 11 ಬಂದಿದ್ದು 2019ರಲ್ಲಿ, 2025ರಲ್ಲಿ ಬಂದ ಐಓಎಸ್ 26 ಕೂಡ ಅದಕ್ಕೆ ಸಿಕ್ಕಿದೆ. ಅದರ ಹಿಂದಿನ ವರ್ಷದ ಐಫೋನ್ ಎಕ್ಸ್‌ಆರ್, ಎಕ್ಸ್‌ಎಸ್‌ಗಳಿಗೆ ಸಿಗಲಿಲ್ಲ. ಅಂದರೆ ನೀವು ಕೊಡಬೇಕು ಅಂದುಕೊಂಡ ಫೋನ್ ತನ್ನ ಆಯುಷ್ಯದ ಜಾಸ್ತಿ ಭಾಗವನ್ನು ನಿಮ್ಮ ಜೊತೆಯೇ ಕಳೆದಿದೆ. ಅಗ್ಗದ ಕೆಲವು ಆಂಡ್ರಾಯ್ಡ್‌ಗಳಲ್ಲಿ ಲಾಕ್ ಸ್ಕ್ರೀನ್ ಮೇಲೇ ಸುದ್ದಿ, ಜಾಹೀರಾತು ಬರುತ್ತವೆ, ಅಮ್ಮನ ಕೈಗೆ ಕೊಡುವ ಮುಂಚೆ ನೀವೇ ಕೂತು ಅವನ್ನೆಲ್ಲ ಆಫ್ ಮಾಡಿ.

ಹಾಗಾದರೆ ಅಮ್ಮನಿಗೆ ಐಫೋನ್ ಯಾವತ್ತೂ ಬೇಡವಾ? ಬೇಕಾಗುವ ಮನೆಗಳೂ ಇವೆ. ಅಮ್ಮನ ಜೊತೆ ಅದೇ ಮನೆಯಲ್ಲಿ ಇರುವ ಸೊಸೆಯೋ ಮೊಮ್ಮಗಳೋ ಐಫೋನ್ ಬಳಸುತ್ತಿದ್ದರೆ ಧಾರಾಳವಾಗಿ ಕೊಡಿ, ಕೇಳಿದ ಕೂಡಲೇ ತೋರಿಸೋಕೆ ಪಕ್ಕದಲ್ಲಿ ಒಬ್ಬರಿದ್ದರೆ ಹೊಸ ದಾರಿಯೂ ತಿಂಗಳಲ್ಲಿ ಅಭ್ಯಾಸವಾಗುತ್ತದೆ. ಒಮ್ಮೆ ಎಪಿಕೆ ಮೋಸಕ್ಕೆ ಸಿಕ್ಕಿ ಹಣ ಕಳೆದುಕೊಂಡವರಿಗೂ ನಾನು ಐಫೋನನ್ನೇ ಹೇಳುತ್ತೇನೆ, ಮೊದಲ ಕೆಲವು ವಾರ ಕಷ್ಟವಾದರೂ ಸರಿ. ಅಮೆರಿಕದಲ್ಲಿರುವ ಮಗಳ ಜೊತೆ ಫೇಸ್‌ಟೈಮ್ (ಆಪಲ್‌ನ ವಿಡಿಯೋ ಕರೆ) ಮಾಡೋಕೆ ಮಾತ್ರ ಐಫೋನ್ ಬೇಕು ಅನ್ನೋದಾದರೆ ಸುಮ್ನೆ ಖರ್ಚು ಬೇಡ. 2021ರಿಂದ ಅವರು ಕಳಿಸುವ ಲಿಂಕ್ ಒತ್ತಿ ಆಂಡ್ರಾಯ್ಡ್‌ನಿಂದಲೂ ಫೇಸ್‌ಟೈಮ್ ಕರೆಗೆ ಸೇರಬಹುದು, ವಾಟ್ಸಾಪ್ ವಿಡಿಯೋ ಅಂತೂ ಇದ್ದೇ ಇದೆ.

ಹಳೇ ಐಫೋನನ್ನೇ ಕೊಡೋದು ಅಂತ ತೀರ್ಮಾನಿಸಿದರೆ ನಿಮ್ಮ ಆಪಲ್ ಖಾತೆಯಿಂದ ಸೈನ್ ಔಟ್ ಆಗಿ, ಪೂರ್ತಿ ಅಳಿಸಿ, ಅಮ್ಮನ ನಂಬರಿನಲ್ಲೇ ಹೊಸ ಖಾತೆ ಮಾಡಿ. ನಿಮ್ಮ ಖಾತೆಯಲ್ಲೇ ಬಿಟ್ಟರೆ ನಿಮ್ಮ ಫೋಟೋ ಅವರಿಗೆ, ಅವರ ಫೋಟೋ ನಿಮಗೆ, ನಿಮಗೆ ಬಂದ ಕರೆ ಅಲ್ಲೂ ರಿಂಗ್ ಆಗಬಹುದು.

ಯಾವ ಫೋನ್ ಆದರೂ, ಕೊಡೋಕೆ ಹೋಗುವಾಗ ಎರಡು ದಿನ ಇರುವ ಹಾಗೆ ಹೋಗಿ. ಮೊದಲ ದಿನ ವಾಟ್ಸಾಪ್ ಸಾಗಿಸಿ, ಅಕ್ಷರ ದೊಡ್ಡದು ಮಾಡಿ, ಯುಪಿಐ ನೋಂದಣಿ ಮುಗಿಸಿ. ಎರಡನೇ ದಿನ ನೀವು ಮುಟ್ಟಬೇಡಿ, ಅಮ್ಮನೇ ಚಿಕ್ಕಮ್ಮನಿಗೆ ಕಾಲ್ ಮಾಡಲಿ, ಫೋಟೋ ಕಳಿಸಲಿ, ಎಲ್ಲಿ ಬೆರಳು ತಡೆಯುತ್ತದೆ ಅಂತ ನೋಡಿ. ಊರಿಂದ ಹೊರಟ ಮೇಲೆ ಏನಾದರೂ ಸಿಕ್ಕಿಹಾಕಿಕೊಂಡರೆ ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿಸಿ ನೋಡಬಹುದು, ಅದನ್ನೂ ಆ ಎರಡನೇ ದಿನವೇ ಒಮ್ಮೆ ಮಾಡಿಸಿ, ಮನೆಯವರನ್ನು ಬಿಟ್ಟು ಬೇರೆ ಯಾರು ಕೇಳಿದರೂ ಶೇರ್ ಮಾಡಬಾರದು ಅಂತ ಅಲ್ಲೇ ಹೇಳಿ. ಹಳೇ ಫೋನನ್ನು ಮಾತ್ರ ಒಂದು ತಿಂಗಳು ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಚಾರ್ಜ್ ಮಾಡಿ ಬೀರುವಿನಲ್ಲಿಡಿ.