ಬಾಗಿದ ಬೋಲ್ಟ್ ಮತ್ತು ನಮ್ಮ ಅಕ್ಷಾಂಶ: ದೂರದರ್ಶಕದ ಮೌಂಟ್ ಹೊರುವ ಭಾರ

ಕಳೆದ ಚಳಿಗಾಲದಲ್ಲಿ ನಮ್ಮ ಗೆಳೆಯರ ಗುಂಪಿನ ಮೌಂಟಿನಿಂದ (ದೂರದರ್ಶಕವನ್ನು ಹೊತ್ತು ತಿರುಗಿಸುವ ಆಸರೆ) ಬಿಚ್ಚಿ ತೆಗೆದ ಬೋಲ್ಟ್ ಈಗಲೂ ನನ್ನ ಮೇಜಿನ ಮೇಲಿದೆ. ಕೈಯಲ್ಲಿ ಹಿಡಿದರೆ ನೆಟ್ಟಗೇ ಕಾಣುತ್ತದೆ. ಫರಶಿ ಕಲ್ಲಿನ ಮೇಲಿಟ್ಟು ಬೆರಳಿನಿಂದ ಉರುಳಿಸಿದಾಗ ಮಾತ್ರ ಕುಂಟುತ್ತದೆ. ತುದಿಯ ಮೂರು ನಾಲ್ಕು ಸುತ್ತು ಥ್ರೆಡ್ ಒಂದೇ ಮಗ್ಗುಲಿಗೆ ಜಜ್ಜಿ ಚಪ್ಪಟೆಯಾಗಿದೆ.

ಇದು ಅಕ್ಷಾಂಶದ ಬೋಲ್ಟ್. ನಕ್ಷತ್ರಗಳನ್ನು ಹಿಂಬಾಲಿಸಿ ತಿರುಗುವ ಇಕ್ವಟೋರಿಯಲ್ ಮೌಂಟಿನಲ್ಲಿ ಒಂದು ಅಕ್ಷ ಆಕಾಶದ ಧ್ರುವದತ್ತ ಮುಖ ಮಾಡಿರುತ್ತದೆ. ಆ ಧ್ರುವ ಅಕ್ಷವನ್ನು ಊರಿನ ಅಕ್ಷಾಂಶದಷ್ಟು ಓರೆಯಾಗಿ ಎತ್ತಿ ಹಿಡಿಯುವುದು ಇದರ ಕೆಲಸ. ನಾವು ಹೇರಿದ ತೂಕ ಮೌಂಟ್ ಇಷ್ಟು ಹೊರುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದ ಅಂಕಿಗಿಂತ ಕಡಿಮೆಯೇ ಇತ್ತು. ಆದರೂ ಬೋಲ್ಟ್ ಬಾಗಿತು. ಕಾರಣ ಹುಡುಕುತ್ತ ಹೋದಾಗ ಸಿಕ್ಕ ಲೆಕ್ಕ ನಮ್ಮ ಸೀಮೆಯವರೆಲ್ಲ ತಿಳಿದಿರಬೇಕಾದದ್ದು ಎನ್ನಿಸಿತು.

ಮೊದಲು ಸಮತೋಲ. ಜರ್ಮನ್ ಮಾದರಿ ಎಂದು ಕರೆಯುವ ಈ ವಿನ್ಯಾಸವನ್ನು ಯೋಸೆಫ್ ಫ್ರಾನ್‌ಹೋಫರ್ 1824ರ ಡೋರ್ಪಾಟ್ ದೂರದರ್ಶಕಕ್ಕೆ ಬಳಸಿದ. ಧ್ರುವ ಅಕ್ಷದ ಒಂದು ಕಡೆ ದೂರದರ್ಶಕದ ಕೊಳವೆ, ಇನ್ನೊಂದು ಕಡೆ ಸರಳಿಗೆ ಸಿಕ್ಕಿಸಿದ ಕಬ್ಬಿಣದ ಗುಂಡು. ತಕ್ಕಡಿಯಲ್ಲಿ ಎರಡು ತಟ್ಟೆಗಳೂ ಸಮದೂರದಲ್ಲಿರುತ್ತವೆ, ಇಲ್ಲಿ ಹಾಗಿಲ್ಲ. ತೂಕವನ್ನು ದೂರದಿಂದ ಗುಣಿಸಿ ಹೋಲಿಸಬೇಕು. ನಮ್ಮ ಕೊಳವೆ ಕ್ಯಾಮೆರಾ ಸೇರಿ 9 ಕೆ.ಜಿ.; ಅದರ ನಡುಗೆರೆ ಅಕ್ಷದಿಂದ 24 ಸೆಂ.ಮೀ. ದೂರದಲ್ಲಿದೆ. ಗುಣಿಸಿದರೆ 216. ಗುಂಡು 6 ಕೆ.ಜಿ.ಯದಾದರೆ ಅದನ್ನು 36 ಸೆಂ.ಮೀ. ದೂರದಲ್ಲಿ ನಿಲ್ಲಿಸಬೇಕು. ಕೊಳವೆ ದಪ್ಪವಾದಂತೆ ಈ 24 ಬೆಳೆಯುತ್ತದೆ. ಹಾಗಾಗಿ ದೂರವನ್ನು ಹೇಳದೆ ಕಿಲೋಗ್ರಾಂ ಮಾತ್ರ ಹೇಳುವ ಅಂಕಿ ಅರ್ಧ ಮಾತು.

ಇನ್ನು ಬೋಲ್ಟಿನ ವಿಚಾರ. ಕೊಳವೆ, ಗುಂಡು, ಸರಳು, ಮೌಂಟಿನ ತಲೆಭಾಗ ಎಲ್ಲ ಸೇರಿ 19 ಕೆ.ಜಿ. ಎಂದುಕೊಳ್ಳಿ. ಸಮತೋಲ ಸರಿಯಿದ್ದರೆ ಈ ಭಾರವೆಲ್ಲ ಧ್ರುವ ಅಕ್ಷದ ಮೇಲೆಯೇ, ಅಕ್ಷಾಂಶದ ಕೀಲಿನಿಂದ ಸುಮಾರು 20 ಸೆಂ.ಮೀ. ಮುಂದೆ ಕುಳಿತಿರುತ್ತದೆ. ನೀರು ತುಂಬಿದ ಕೊಡವನ್ನು ಮೈಗೆ ಒತ್ತಿ ಹಿಡಿಯುವುದು ಸುಲಭ, ತೋಳು ಚಾಚಿ ಹಿಡಿಯುವುದು ಕಷ್ಟ. ಅಕ್ಷ ನೆಟ್ಟಗಾದಷ್ಟೂ ಕೊಡ ಮೈಗೆ ಹತ್ತಿರ, ಮಲಗಿದಷ್ಟೂ ದೂರ. ಎಷ್ಟು ದೂರ ಎಂಬುದನ್ನು ಅಕ್ಷಾಂಶದ ಕೊಸೈನ್ ಹೇಳುತ್ತದೆ.

ವಿಜಯಪುರದ ಅಕ್ಷಾಂಶ 16.8 ಡಿಗ್ರಿ. ಧ್ರುವ ನಕ್ಷತ್ರವೂ ಸುಮಾರಾಗಿ ಅಷ್ಟೇ ಎತ್ತರದಲ್ಲಿ, ನಮ್ಮ ಮಾಳಿಗೆಯಿಂದ ನೋಡಿದರೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಕಾಣುತ್ತದೆ. ಅಕ್ಷ ಬಹುತೇಕ ಮಲಗಿಯೇ ಇರುತ್ತದೆ. ಕೊಸೈನ್ 0.957, ತಿರುಗುಬಲ 19 × 20 × 0.957, ಅಂದರೆ 364. ಇದೇ ಮೌಂಟನ್ನು 50 ಡಿಗ್ರಿ ಅಕ್ಷಾಂಶದ ಯುರೋಪಿನ ಊರಿನಲ್ಲಿಟ್ಟರೆ 244. ಬೋಲ್ಟ್ ಕೀಲಿನಿಂದ 4 ಸೆಂ.ಮೀ. ದೂರದಲ್ಲಿ ಒತ್ತುತ್ತಿದ್ದರೆ ಅಲ್ಲಿ ಅದರ ಮೇಲೆ 61 ಕೆ.ಜಿ., ನಮ್ಮಲ್ಲಿ 91 ಕೆ.ಜಿ. ಒಂದು ಬೆರಳಿನ ದಪ್ಪವೂ ಇಲ್ಲದ ಬೋಲ್ಟಿನ ತುದಿಯ ಮೇಲೆ ಕ್ವಿಂಟಲ್ ಜೋಳಕ್ಕೆ ತುಸುವೇ ಕಡಿಮೆ. ಅಷ್ಟನ್ನೂ ಹೇರಿದ ಮೇಲೆ ನಾವು ಅದೇ ಬೋಲ್ಟನ್ನು ತಿರುಗಿಸಿ ಅಕ್ಷವನ್ನು ಮೇಲೆತ್ತಿದ್ದೆವು. ಬಾಗಿದ್ದು ಆಗಲೇ. ಈಗ ಕೊಳವೆ, ಗುಂಡು ಹಾಕುವ ಮೊದಲೇ ಎತ್ತರ ಹೊಂದಿಸುತ್ತೇವೆ. ಆಮೇಲೆ ಕೂದಲೆಳೆಯಷ್ಟು ತಿದ್ದಬೇಕಾದರೆ ಒಬ್ಬರು ತಲೆಭಾಗವನ್ನು ಕೈಕೊಟ್ಟು ಎತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಎದುರಿನ ಬೋಲ್ಟನ್ನು ಸಡಿಲಿಸಿಯೇ ಇದನ್ನು ತಿರುಗಿಸುತ್ತಾರೆ.

ಬದಲಿ ಬೋಲ್ಟ್ ತರುವಾಗ ತಲೆಯ ಮೇಲಿನ ಅಂಕಿ ನೋಡಿ. 8.8 ಎಂದಿದ್ದರೆ ಆ ಉಕ್ಕು ತುಂಡಾಗುವ ಮಿತಿ 800 ಮೆಗಾಪಾಸ್ಕಲ್. ಅದರ ಶೇ 80ರಷ್ಟು, ಅಂದರೆ 640ರ ಆಚೆಗೆ ಶಾಶ್ವತವಾಗಿ ಬಾಗುತ್ತದೆ. 4.6 ಎಂದಿದ್ದರೆ ಬಾಗುವ ಮಿತಿ 240 ಮಾತ್ರ. ನಮ್ಮ ಹಳೆಯ ಬೋಲ್ಟಿನ ಮೇಲೆ ಯಾವ ಗುರುತೂ ಇರಲಿಲ್ಲ. ಆದರೆ ಗಟ್ಟಿ ಬೋಲ್ಟ್ ಹಾಕಿದೊಡನೆ ನಿಶ್ಚಿಂತರಾಗುವಂತಿಲ್ಲ. ಬೋಲ್ಟ್ ಕೂರುವ ಮೌಂಟಿನ ಮೈ ಅಲ್ಯೂಮಿನಿಯಂ ಎರಕ. ಬೋಲ್ಟ್ ಬಾಗದಿದ್ದರೆ ಎರಕದೊಳಗಿನ ಥ್ರೆಡ್ ಕಿತ್ತು ಬರಬಹುದು. 10 ಮಿ.ಮೀ. ಬೋಲ್ಟ್ ಅಲ್ಯೂಮಿನಿಯಂನೊಳಗೆ 15ರಿಂದ 20 ಮಿ.ಮೀ. ಇಳಿದಿರಬೇಕು.

ಅಕ್ಷ ತಿರುಗದಂತೆ ಬಿಗಿಯುವ ಕ್ಲಚ್ ಬಗ್ಗೆ ಒಂದೇ ಮಾತು: ಅದು ಉಜ್ಜಿ ಹಿಡಿಯುವ ಹಿಡಿತ, ಬೀಗವಲ್ಲ. ಸಮತೋಲದ ಕೊರತೆಯನ್ನು ಕ್ಲಚ್ ಬಿಗಿದು ಮುಚ್ಚಬೇಡಿ.

ಜೋಡಿಸುವ ಕ್ರಮವನ್ನು ನಾನು ಬಂಡಿಯನ್ನು ನೆನೆದು ಕಲಿತೆ. ಹೇರಿದ ಬಂಡಿಯಲ್ಲಿ ಮುಂಭಾರವನ್ನು ಮೊದಲು ಇಳಿಸಿದರೆ ಮೂಕಿ ಆಕಾಶಕ್ಕೆ ಏಳುತ್ತದೆ, ಎದುರು ನಿಂತವನ ಗದ್ದಕ್ಕೆ ಬಡಿಯುತ್ತದೆ. ಇಲ್ಲಿಯೂ ಹಾಗೆಯೇ. ಹಾಕುವಾಗ ಮೊದಲು ಗುಂಡು, ಆಮೇಲೆ ಕೊಳವೆ. ತೆಗೆಯುವಾಗ ಮೊದಲು ಕೊಳವೆ, ಆಮೇಲೆ ಗುಂಡು. ಎರಡೂ ಹೊತ್ತಿನಲ್ಲಿ ಗುಂಡಿನ ಸರಳು ಕೆಳಮುಖವಾಗಿರಬೇಕು. ಗುಂಡನ್ನು ಮೊದಲೇ ತೆಗೆದರೆ ಮೇಲಿನ ಕೊಳವೆ ಗಿರ್ರನೆ ತಿರುಗಿ ಕೆಳಗೆ ಬರುತ್ತದೆ. ಸರಳಿನ ತುದಿಯ ಸಣ್ಣ ತಿರುಪನ್ನು ಕಳೆದುಕೊಳ್ಳಬೇಡಿ. 6 ಕೆ.ಜಿ. ಗುಂಡು ಒಂದು ಮೀಟರ್ ಎತ್ತರದಿಂದ ಜಾರಿದರೆ ಸೆಕೆಂಡಿಗೆ 4.4 ಮೀಟರ್ ವೇಗದಲ್ಲಿ ಪಾದದ ಮೇಲೆ ಬೀಳುತ್ತದೆ, ಅದನ್ನು ತಡೆಯುವುದು ಆ ತಿರುಪು. ಕೊಳವೆಯನ್ನು ಮೌಂಟಿಗೆ ಸಿಕ್ಕಿಸುವ ಅಡಿಯ ಡವ್‌ಟೇಲ್ ಪಟ್ಟಿಗೂ ಕೆಳತುದಿಯಲ್ಲಿ ಒಂದು ಅಡ್ಡ ಬೋಲ್ಟ್ ಹಾಕಿಸಿ. ಕೊಳವೆ ನೆತ್ತಿಯತ್ತ ಮುಖ ಮಾಡಿದಾಗ ಅಷ್ಟೂ ಭಾರ ಎರಡು ತಿರುಪುಗಳ ಹಿಡಿತದಲ್ಲೇ ನಿಂತಿರುತ್ತದೆ.

ಅಕ್ಷ ಮಲಗಿರುವುದರಿಂದ ನಮ್ಮ ಭಾರ ಉತ್ತರಕ್ಕೆ ಚಾಚಿಕೊಳ್ಳುತ್ತದೆ. ಆದ್ದರಿಂದ ಮುಕ್ಕಾಲಿಯ ಒಂದು ಕಾಲು ಉತ್ತರಕ್ಕೇ ಇರಲಿ. ಗುಂಡು ಆ ಕಾಲಿಗೆ ತಾಗುವುದೇ ಎಂದು ಹಗಲಿನಲ್ಲೇ ಒಮ್ಮೆ ಪೂರ್ತಿ ತಿರುಗಿಸಿ ನೋಡಿ. ಎರೆ ಹೊಲದಲ್ಲಿ ನಿಲ್ಲಿಸುವವರು ಇನ್ನೊಂದನ್ನೂ ಗಮನಿಸಬೇಕು. ಸಂಜೆ ಗಟ್ಟಿಯಾಗಿದ್ದ ನೆಲ ಇಬ್ಬನಿ ಬಿದ್ದ ಮೇಲೆ ಮೆತ್ತಗಾಗಿ, ಹೆಚ್ಚು ಭಾರ ಹೊತ್ತ ಉತ್ತರದ ಕಾಲೇ ಮೊದಲು ಇಳಿಯುತ್ತದೆ. ನಾವು ಈಗ ಮೂರು ಫರಶಿ ಕಲ್ಲಿನ ತುಂಡುಗಳನ್ನು ಮೌಂಟಿನ ಜೊತೆಗೇ ಒಯ್ಯುತ್ತೇವೆ. ದೊಡ್ಡ ತುಂಡು ಉತ್ತರದ ಕಾಲಿಗೆ.