ಕೇಕ್ ತಿಂದದ್ದು ಯಾರು?

ಡಿಸೆಂಬರ್ 24ರ ರಾತ್ರಿ ಮಂಗಳೂರಿನ ಪಶುವೈದ್ಯರಿಗೆ ಫೋನ್ ಬರುವುದು ಹೆಚ್ಚಾಗಿ ಬಲಿಪೂಜೆ ಮುಗಿದ ಮೇಲೆ. ಮನೆಮಂದಿಯೆಲ್ಲ ಚರ್ಚಿಗೆ, ನಾಯಿಗಳು ಒಳಗೆ, ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಡಬ್ಬಿಗಳೂ ಕೇಕೂ ಊಟದ ಮೇಜಿನ ಮೇಲೆ. ಒಂದೇ ನಾಯಿ ಸಾಕಿದವರು "ನಮ್ಮ ಟಾಮಿ ಕೇಕ್ ತಿಂದ" ಅನ್ನುತ್ತಾರೆ. ನಾಲ್ಕೈದು ಸಾಕಿದವರು "ಡಾಕ್ಟ್ರೇ, ಕೇಕ್ ಕಾಣ್ತಾ ಇಲ್ಲ" ಅನ್ನುತ್ತಾರೆ. ನನಗೆ ತಲೆನೋವು ಈ ಎರಡನೆಯವರದ್ದು.

ಪ್ಲಮ್ ಕೇಕಿನಲ್ಲಿ ಹೆಚ್ಚು ಅಪಾಯದ ವಸ್ತು ರಮ್ ಅಲ್ಲ, ಒಣದ್ರಾಕ್ಷಿ. ಅದು ನಾಯಿಯ ಕಿಡ್ನಿಯನ್ನೇ ಕೆಡಿಸಬಲ್ಲದು. ಯಾಕೆ ಎಂಬುದು ಬಹುಕಾಲ ತಿಳಿದಿರಲಿಲ್ಲ. ಕ್ರೀಮ್ ಆಫ್ ಟಾರ್ಟರ್ (ಬೇಕಿಂಗಿಗೆ ಬಳಸುವ ಹುಳಿ ಪುಡಿ) ಹಾಕಿ ಮನೆಯಲ್ಲೇ ಮಾಡಿದ ಮಕ್ಕಳ ಆಟದ ಹಿಟ್ಟನ್ನು ತಿಂದ ನಾಯಿಗಳಲ್ಲೂ ಇಂಥದ್ದೇ ಕಿಡ್ನಿ ತೊಂದರೆ ಕಂಡ ಅಮೆರಿಕದ ವಿಷತಜ್ಞರು, ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕೆಂದು 2021ರಲ್ಲಿ ಬರೆದರು. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿಯೂ ಬಂದಿದೆ. ದ್ರಾಕ್ಷಿಯಿಂದ ದ್ರಾಕ್ಷಿಗೆ ಆಮ್ಲದ ಪ್ರಮಾಣ ಬದಲಾಗುವುದರಿಂದ "ಇಷ್ಟು ತಿಂದರೆ ಪರವಾಗಿಲ್ಲ" ಎಂದು ಹೇಳಲು ಬರುವುದಿಲ್ಲ. "ಕಳೆದ ವರ್ಷ ತಿಂದಿತ್ತು, ಏನೂ ಆಗಲಿಲ್ಲ" ಎಂಬ ಮಾತಿಗೆ ನಾನು ಬೆಲೆ ಕೊಡದಿರುವುದೂ ಇದಕ್ಕೇ.

ಐದು ನಾಯಿಗಳ ಒಂದು ಮನೆ. ಎರಡು ಕಿಲೋ ಕೇಕಿನಲ್ಲಿ ಉಳಿದದ್ದು ಬಟರ್ ಪೇಪರ್ ಮಾತ್ರ. ಲ್ಯಾಬ್ರಡಾರ್ ಮೂತಿಯಲ್ಲಿ ಚೂರು ಅಂಟಿತ್ತು, ಹಾಗಾಗಿ ಕಳ್ಳ ಅವನೇ ಎಂದು ಮನೆಯವರ ತೀರ್ಮಾನ. ಅವನೊಬ್ಬನನ್ನೇ ಕಾರಿಗೆ ಹತ್ತಿಸಿ ತಂದಿದ್ದರು. ಉಳಿದ ನಾಲ್ಕನ್ನೂ ತರಲು ಹೇಳಿದೆ. ಇಂಜೆಕ್ಷನ್ ಕೊಟ್ಟು ಸರದಿಯಲ್ಲಿ ವಾಂತಿ ಮಾಡಿಸಿದಾಗ ಅತಿ ಹೆಚ್ಚು ದ್ರಾಕ್ಷಿ ಹೊರಬಂದದ್ದು ಸೋಫಾದಡಿ ಮಲಗಿದ್ದ ಆರು ಕಿಲೋ ತೂಕದ ಡ್ಯಾಶ್‌ಹೌಂಡ್ ಹೊಟ್ಟೆಯಿಂದ, ಉಬ್ಬಿ ಗುಂಡಗಾಗಿ. ದೊಡ್ಡವನು ಮೇಜಿನಿಂದ ಕೆಡವಿದ್ದ, ಚಿಕ್ಕವಳು ನೆಲದಲ್ಲಿ ಕೂತು ಉಂಡಿದ್ದಳು. ಅವಳಿಗೆ ಎರಡು ದಿನ ಡ್ರಿಪ್ ಹಾಕಿ ಕಿಡ್ನಿಯ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ನೋಡುತ್ತಾ ಹೋದೆವು, ಏರಲಿಲ್ಲ.

ಹಾಗಾಗಿ ಬಹುನಾಯಿ ಮನೆಯ ಲೆಕ್ಕವೇ ಬೇರೆ. ಕಾಣೆಯಾದದ್ದನ್ನು ಐದರಿಂದ ಭಾಗಿಸಬೇಡಿ. ಪ್ರತಿಯೊಂದು ನಾಯಿಯೂ ಪೂರ್ತಿ ತಿಂದಿದೆ ಎಂದೇ ಹಿಡಿಯಿರಿ, ಅದರಲ್ಲೂ ಅತಿ ಚಿಕ್ಕದನ್ನು ಮೊದಲು ನೋಡಿ. ವಾಂತಿ ಮೊದಲ ದಿನವೇ ಶುರುವಾಗಬಹುದು. ಆದರೆ ಮೂತ್ರ ಕಡಿಮೆಯಾಗಿ ಕಿಡ್ನಿ ಸೋಲುವುದು ಒಂದರಿಂದ ಮೂರು ದಿನದಲ್ಲಿ, ಆಗ ತಂದರೆ ತಡ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ರಕ್ತದಲ್ಲಿ ಸೋಡಿಯಂ ಏರಿ ಅದೇ ಇನ್ನೊಂದು ವಿಷವಾದೀತು.

ಕೇಕಿನಷ್ಟು ಹೆಸರು ಕೆಡಿಸಿಕೊಳ್ಳದ ಇನ್ನೊಂದಿದೆ: ಇಡ್ಲಿಯಂಥ ಸನ್ನಣದ ಹಿಟ್ಟು. ಕಳ್ಳು ಇಲ್ಲವೇ ಯೀಸ್ಟ್ ಹಾಕಿ ರಾತ್ರಿ ಹುದುಗಲು ಇಟ್ಟ ಪಾತ್ರೆಗೆ ನಾಯಿ ಬಾಯಿ ಹಾಕಿದರೆ, ಹಿಟ್ಟು ಹೊಟ್ಟೆಯ ಬಿಸಿಗೆ ಅಲ್ಲೇ ಉಬ್ಬುತ್ತಾ ಮದ್ಯಸಾರವನ್ನೂ ಬಿಡುತ್ತದೆ. ಹೊಟ್ಟೆ ಬಿಗಿದುಕೊಂಡು ನಾಯಿ ತೂರಾಡುತ್ತದೆ. ಮನೆಯವರು ವಿಡಿಯೋ ಮಾಡಿ ನಗುತ್ತಾರೆ. ನಗುವಂಥದ್ದಲ್ಲ, ಕೂಡಲೇ ಹೊರಡಿ. ಬೆಂದ ಸನ್ನಣದ ತುಂಡಿಗೆ ನನ್ನ ತಕರಾರಿಲ್ಲ. ಹಂದಿಮಾಂಸದ ಬಫಾತ್ ಗ್ರೇವಿಗೆ ಇದೆ: ಅದರ ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಂದಿಯ ಕೊಬ್ಬು ಮೇದೋಜೀರಕ ಗ್ರಂಥಿಯನ್ನು ಕೆರಳಿಸಬಹುದು. ಹಬ್ಬದ ಮರುದಿನ ನಾಯಿ ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಂತರೆ ಮೈ ಮುರಿಯುತ್ತಿದೆ ಅಂದುಕೊಳ್ಳಬೇಡಿ. ಹೊಟ್ಟೆನೋವಿಗೂ ಹಾಗೆ ನಿಲ್ಲುತ್ತದೆ.

ಇನ್ನು ಎಲುಬು. ಬೆಂದ ಎಲುಬು ಸೀಳಿ ಚುಚ್ಚುವ ಮಾತು ಹಾಗಿರಲಿ, ಎಲ್ಲರಿಗೂ ಒಂದೊಂದು ಕೊಟ್ಟರೆ ಜಗಳವಿಲ್ಲ ಎಂಬುದು ಮನುಷ್ಯರ ನ್ಯಾಯ. ವರ್ಷವಿಡೀ ಒಂದೇ ಚಾಪೆಯಲ್ಲಿ ಮಲಗುವ ನಾಯಿಗಳೂ ಅಪರೂಪದ ತಿನಿಸು ಕಂಡರೆ ಬದಲಾಗುತ್ತವೆ. ನೆಂಟರು ಬರುವ ಮೊದಲೇ ಅವುಗಳ ದಿನದ ಊಟವನ್ನೇ ಬೇರೆ ಬೇರೆ ಕೋಣೆಯಲ್ಲಿ ಹಾಕಿ, ತಟ್ಟೆ ತೆಗೆದ ಮೇಲೆ ಬಾಗಿಲು ತೆರೆಯಿರಿ. ಕಚ್ಚಾಟ ಶುರುವಾದರೆ ನಡುವೆ ಕೈ ಹಾಕಬೇಡಿ. ಒಂದು ಬಕೆಟ್ ನೀರು ಸುರಿಯಿರಿ, ಕಂಬಳಿ ಎಸೆಯಿರಿ. ಕೈ ಹಾಕಿಯೇ ಬಿಟ್ಟು ಹಲ್ಲು ತಾಗಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಆಮೇಲೆ ನಿಮ್ಮ ಡಾಕ್ಟರ ಹತ್ತಿರ ಹೋಗಿ. ನಾನು ನಾಯಿಯ ಡಾಕ್ಟರು.

ಕ್ರಿಸ್ಮಸ್ ಗೋದಲಿಯ ಬೈಹುಲ್ಲಿನಲ್ಲಿ ನಾಯಿ ಮಲಗಿದರೆ ಮಲಗಲಿ, ನಕ್ಷತ್ರದೀಪದ ವಯರ್ ಮಾತ್ರ ಎತ್ತರದಲ್ಲಿರಲಿ. ಪಟಾಕಿ ಹೊತ್ತಿಗೆ ಗೇಟಿಗೆ ಬೀಗ, ಕುತ್ತಿಗೆ ಪಟ್ಟಿಯಲ್ಲಿ ಫೋನ್ ನಂಬರ್. ಒಂದು ನಾಯಿ ಹೆದರಿ ಓಡಿದರೆ ಉಳಿದವೂ ಹಿಂದೆಯೇ ಓಡುತ್ತವೆ. ಭಯಕ್ಕೆ ಔಷಧ ಬೇಕಿದ್ದರೆ ವಾರ ಮೊದಲೇ ಬನ್ನಿ. ಒಂದೊಂದರ ತೂಕಕ್ಕೂ ಡೋಸ್ ಬೇರೆ, ಮಂಪರು ಎಷ್ಟು ಬರುತ್ತದೆಂದು ಸಾದಾ ದಿನ ಒಮ್ಮೆ ಕೊಟ್ಟು ನೋಡಬೇಕು. 24ರ ರಾತ್ರಿ ಫೋನಿನಲ್ಲಿ "ಐವರಿಗೂ ಆಗುವಂಥ ಒಂದು ಗುಳಿಗೆ ಹೇಳಿ" ಎಂದರೆ ನಾನು ಹೇಳುವುದಿಲ್ಲ.