ಕೆಲಸದ ಜಾಗದ ಹಿಂಸೆ: ಕೈ ಎತ್ತುವ ಮುಂಚೆಯೇ ಶುರುವಾಗಿರುತ್ತದೆ

ಕೆಲಸದ ಜಾಗದಲ್ಲಿ ಹಿಂಸೆ ಅಂದ ಕೂಡಲೇ ಕಣ್ಮುಂದೆ ಬರುವುದು ಹೊಡೆದಾಟ. ಯಾರೋ ಯಾರದ್ದೋ ಕೊರಳಪಟ್ಟಿ ಹಿಡಿದದ್ದು, ಕುರ್ಚಿ ಎತ್ತಿ ಎಸೆದದ್ದು. ಅದು ಹಿಂಸೆಯೇ, ಅನುಮಾನ ಬೇಡ. ಆದರೆ ಒಂದು ಏಟೂ ಬೀಳದೆ ಹಿಂಸೆ ನಡೆಯಬಹುದು. 'ಹೊರಗೆ ಸಿಗು, ನೋಡ್ಕೋತೀನಿ' ಅನ್ನುವ ಬೆದರಿಕೆ, ಎಲ್ಲರೆದುರು ದಿನಾ ಅವಮಾನ ಮಾಡುವುದು, ಬೇಡ ಅಂದರೂ ಮೈ ಮುಟ್ಟುವುದು, ಮಾತು ಕೇಳದಿದ್ದರೆ ಸಂಬಳ ತಡೆಹಿಡಿಯುತ್ತೇನೆ ಅನ್ನುವುದು, ಎಲ್ಲವೂ ಇದರೊಳಗೇ ಬರುತ್ತವೆ.

ಇದಕ್ಕೆ ಜಗತ್ತು ಒಪ್ಪಿಕೊಂಡ ವಿವರಣೆ ಬಂದದ್ದು ತೀರಾ ಈಚೆಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) 2019ರ ಜೂನ್‌ನಲ್ಲಿ ತನ್ನ 190ನೇ ಒಪ್ಪಂದವನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2021ರ ಜೂನ್ 25ಕ್ಕೆ. ಹಿಂಸೆ ಮತ್ತು ಕಿರುಕುಳ ಎರಡನ್ನೂ ಅದು ಒಟ್ಟಿಗೇ ಹಿಡಿಯುತ್ತದೆ. ದೇಹಕ್ಕೆ, ಮನಸ್ಸಿಗೆ, ಲೈಂಗಿಕವಾಗಿ ಅಥವಾ ಹಣಕಾಸಿನಲ್ಲಿ ಹಾನಿ ಮಾಡುವ, ಇಲ್ಲವೇ ಮಾಡಬಹುದಾದ ನಡವಳಿಕೆ ಅಂದರೆ ಸಾಕು. ಬೆದರಿಕೆಯೂ ಲೆಕ್ಕಕ್ಕಿದೆ. ಒಂದೇ ಸಲ ನಡೆದರೂ ಲೆಕ್ಕಕ್ಕಿದೆ. 'ಒಂದ್ ಸಲ ತಾನೇ, ಬಿಡಿ' ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ.

ಕೆಲಸದ ಜಾಗ ಅಂದರೂ ನಾಲ್ಕು ಗೋಡೆ ಮಾತ್ರ ಅಲ್ಲ. ಊಟದ ಕೋಣೆ, ಶೌಚಾಲಯ, ತರಬೇತಿ, ಕೆಲಸದ ಪ್ರಯಾಣ, ಮಾಲೀಕರು ಕೊಟ್ಟ ವಸತಿ, ಕೆಲಸಕ್ಕೆ ಹೋಗಿಬರುವ ದಾರಿ, ರಾತ್ರಿ ಹನ್ನೊಂದಕ್ಕೆ ಫೋನಿಗೆ ಬರುವ ಮೆಸೇಜು, ಎಲ್ಲವೂ ಸೇರಿದೆ. ಕಾಯಂ ನೌಕರರಷ್ಟೇ ಅಲ್ಲ, ಅಪ್ರೆಂಟಿಸ್, ಇಂಟರ್ನ್, ಸ್ವಯಂಸೇವಕರು, ಕೆಲಸ ಹುಡುಕಿಕೊಂಡು ಬಂದವರಿಗೂ ಈ ರಕ್ಷಣೆ ಇರಬೇಕು ಅನ್ನುತ್ತದೆ ಒಪ್ಪಂದ.

ಹಿಂಸೆ ಯಾರ ಕಡೆಯಿಂದ ಬರುತ್ತದೆ ಅನ್ನುವುದನ್ನು ನೋಡಿ ಸುರಕ್ಷತೆಯ ಕೆಲಸ ಮಾಡುವವರು ಇದನ್ನು ನಾಲ್ಕು ಬಗೆ ಮಾಡುತ್ತಾರೆ. ಸಂಸ್ಥೆಗೆ ಸಂಬಂಧವೇ ಇಲ್ಲದೆ ದರೋಡೆಗೆ ಬಂದವರು ಒಂದು. ಗ್ರಾಹಕರು, ರೋಗಿಗಳು, ಅವರ ಕಡೆಯವರು ಎರಡು. ಜೊತೆಗೆ ಕೆಲಸ ಮಾಡುವವರು, ಅಥವಾ ಹಿಂದೆ ಮಾಡುತ್ತಿದ್ದವರು ಮೂರು. ನಾಲ್ಕನೆಯದು ಮನೆಯ ಜಗಳ ಕಚೇರಿ ಬಾಗಿಲಿಗೆ ಬರುವುದು. ಕೆಲಸಕ್ಕೆ ಬರುವ ಹೆಣ್ಣುಮಗಳೊಬ್ಬಳು ಬಿಟ್ಟುಬಂದ ಗಂಡ ಪಾರ್ಕಿಂಗ್ ಜಾಗದಲ್ಲಿ ಕಾದು ನಿಲ್ಲುತ್ತಾನಲ್ಲ, ಅದು. 'ಅದು ಅವರ ಮನೆ ವಿಷಯ' ಅಂತ ಬಹಳ ಕಡೆ ಕೈ ತೊಳೆದುಕೊಳ್ಳುತ್ತಾರೆ. ಆದರೆ ಆಕೆ ಎಷ್ಟು ಗಂಟೆಗೆ, ಯಾವ ಬಾಗಿಲಿಂದ ಹೊರಬರುತ್ತಾಳೆ ಅಂತ ಅವನಿಗೆ ಗೊತ್ತಿರುವುದೇ ಅವಳ ಕೆಲಸದಿಂದ. ಪಾಳಿ ಬದಲಿಸುವುದು, ಬಾಗಿಲಲ್ಲಿ ಇರುವವರಿಗೆ ಹೇಳಿಡುವುದು ಸಂಸ್ಥೆಯ ಕೈಯಲ್ಲೇ ಇದೆ.

ಈ ವಿಂಗಡಣೆ ಸುಮ್ನೆ ಪುಸ್ತಕಕ್ಕಲ್ಲ. ಬಗೆ ಬೇರೆಯಾದರೆ ತಡೆಯುವ ದಾರಿಯೂ ಬೇರೆ. ದರೋಡೆಗೆ ಮದ್ದು ಗಲ್ಲಾದಲ್ಲಿ ಕಡಿಮೆ ದುಡ್ಡು, ಒಳ್ಳೆ ಬೆಳಕು, ರಾತ್ರಿ ಒಬ್ಬರ ಬದಲು ಇಬ್ಬರು. ಬೈದಾಡುವ ಮೇಲಧಿಕಾರಿಗೆ ಇದ್ಯಾವುದೂ ನಾಟುವುದಿಲ್ಲ!

ಎರಡನೆಯ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ವೃತ್ತಿಜೀವನದಲ್ಲಿ ಒಂದಲ್ಲ ಒಂದು ಸಲ ದೈಹಿಕ ಹಿಂಸೆ ಅನುಭವಿಸುವ ಆರೋಗ್ಯ ಸಿಬ್ಬಂದಿಯ ಪ್ರಮಾಣ ಶೇ 38ರವರೆಗೂ ಇದೆ. ಆಸ್ಪತ್ರೆಯ ತುರ್ತು ವಿಭಾಗವನ್ನೇ ತಗೊಳ್ಳಿ. ರಾತ್ರಿ ಎರಡು ಗಂಟೆ. ಕೌಂಟರಿನಲ್ಲಿ ಒಬ್ಬರೇ ನರ್ಸ್. ಎದುರಿಗೆ ನಾಲ್ಕು ತಾಸಿನಿಂದ ಕಾಯುತ್ತಿರುವ ಮಗ. ಒಳಗೆ ಅಪ್ಪನಿಗೆ ಏನಾಗುತ್ತಿದೆ ಅಂತ ಯಾರೂ ಹೇಳಿಲ್ಲ. ಮೊದಲು ಬಂದು ಕೇಳುತ್ತಾನೆ. ಆಮೇಲೆ ಬೆಂಚಿನಲ್ಲಿ ಕೂರಲಾರದೆ ಅತ್ತಿಂದಿತ್ತ ಓಡಾಡುತ್ತಾನೆ. ದನಿ ಏರುತ್ತದೆ, ಮುಷ್ಟಿ ಬಿಗಿಯಾಗುತ್ತದೆ, ಮೇಜು ಕುಟ್ಟುತ್ತಾನೆ. ಆಮೇಲೆ ಏಟು. ಮರುದಿನ ಚರ್ಚೆಯೆಲ್ಲ ಆ ಏಟಿನ ಬಗ್ಗೆ. ಏಟಿಗೆ ಅವನೇ ಹೊಣೆ, ಕಾದದ್ದು ಅದಕ್ಕೆ ನೆಪವಾಗಬಾರದು. ಆದರೆ ತಡೆಯಬಹುದಾಗಿದ್ದ ಹೊತ್ತು ಅದಕ್ಕಿಂತ ಬಹಳ ಹಿಂದೆ ಇತ್ತು. ಆಗಾಗ ಒಬ್ಬರು ಬಂದು 'ಇನ್ನೂ ಪರೀಕ್ಷೆ ನಡೀತಿದೆ' ಅಂದಿದ್ದರೆ? ಇನ್ನೊಬ್ಬರು ಪಾಳಿಯಲ್ಲಿದ್ದಿದ್ದರೆ? ನರ್ಸ್ ಕೂರುವ ಜಾಗದ ಹಿಂದೆ ಇನ್ನೊಂದು ಬಾಗಿಲು ಇದ್ದಿದ್ದರೆ? ಸಿಬ್ಬಂದಿಗೆ ತಾಳ್ಮೆಯ ಪಾಠ ಹೇಳುವುದು ಅಗ್ಗ. ಜನ ಹೆಚ್ಚಿಸುವುದು, ಕೋಣೆ ಬದಲಿಸುವುದು ದುಬಾರಿ. ಹಾಗಾಗಿ ಬಹಳ ಕಡೆ ನಡೆಯುವುದು ಮೊದಲನೆಯದು ಮಾತ್ರ.

ಗೋಡೆಯ ಮೇಲಿನ ಎಚ್ಚರಿಕೆ ಗುಂಡಿಯದೂ ಇದೇ ಕಥೆ. ಒತ್ತಿದರೆ ಎಲ್ಲಿ ಸದ್ದಾಗುತ್ತದೆ, ಯಾರು ಓಡಿಬರಬೇಕು, ಬರಲು ಎಷ್ಟು ನಿಮಿಷ ಬೇಕು? ಇದು ಗೊತ್ತಿಲ್ಲದಿದ್ದರೆ ಅದು ಬರೀ ಅಲಂಕಾರ.

ಇನ್ನು ದೂರಿನ ವಿಷಯ. 2021ರಲ್ಲಿ ಐಎಲ್‌ಒ ಮತ್ತು ಜೊತೆಗಾರರು 121 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ದುಡಿಯುವವರಲ್ಲಿ ಸುಮಾರು ಶೇ 23 ಮಂದಿ ಕೆಲಸದಲ್ಲಿ ಹಿಂಸೆ ಅಥವಾ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ ಅದನ್ನು ಯಾರಿಗಾದರೂ ಹೇಳಿಕೊಂಡವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬಾಯಿಬಿಡದವರು ಕೊಟ್ಟ ದೊಡ್ಡ ಕಾರಣಗಳು ಎರಡು: ಹೇಳಿ ಪ್ರಯೋಜನವಿಲ್ಲ, ಹೆಸರು ಕೆಡುತ್ತದೆ. ಅಂದರೆ ದೂರು ಬಂದಿಲ್ಲ ಅನ್ನುವುದು ಎಲ್ಲ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ.

ಅದಕ್ಕೇ ಘಟನೆಗಳನ್ನು ಬರೆದಿಡುವ ಪುಸ್ತಕಕ್ಕೆ ನನ್ನ ಮಟ್ಟಿಗೆ ಕ್ಯಾಮೆರಾಕ್ಕಿಂತ ಬೆಲೆ ಜಾಸ್ತಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಬಹುಪಾಲು ಸಂಸ್ಥೆಗಳು ಲಿಖಿತ ತಡೆ ಯೋಜನೆಯ ಜೊತೆ ಇಂಥ ದಾಖಲೆಯನ್ನೂ ಇಡಲೇಬೇಕು. ಅದರಲ್ಲಿ ಹೊಡೆದವರ, ಏಟು ತಿಂದವರ ಹೆಸರು ಬರೆಯುವಂತಿಲ್ಲ, ಗುರುತು ಸಿಗುವ ವಿವರಗಳನ್ನು ಬಿಡಬೇಕು. ಬರೆಯಬೇಕಾದದ್ದು ಸನ್ನಿವೇಶ. ಆ ಹೊತ್ತಿಗೆ ಕೆಲಸಗಾರರು ಒಬ್ಬರೇ ಇದ್ದರಾ, ಬೆಳಕು ಕಮ್ಮಿ ಇತ್ತಾ, ಅವಸರದಲ್ಲಿದ್ದರಾ, ಸಿಬ್ಬಂದಿ ಕೊರತೆ ಇತ್ತಾ, ಕರೆದರೆ ಸಹಾಯ ಸಿಗುವಂತಿತ್ತಾ? 'ಗಲಾಟೆ ಆಯಿತು, ಸರಿಹೋಯಿತು' ಅಂತ ಒಂದು ಸಾಲು ಗೀಚಿದರೆ ಇದ್ಯಾವುದೂ ತಿಳಿಯುವುದಿಲ್ಲ. ನಾಲ್ಕು ಘಟನೆಯಲ್ಲಿ ಮೂರು ಒಂದೇ ಮೂಲೆಯಲ್ಲಿ, ಒಂದೇ ಹೊತ್ತಿನಲ್ಲಿ ಆಗಿದ್ದರೆ ಆ ಪುಸ್ತಕವೇ ಬೆರಳು ಮಾಡಿ ತೋರಿಸುತ್ತದೆ.

ಎದುರಿಗೇ ಒಬ್ಬರು ಸಿಟ್ಟಿನಿಂದ ನಡುಗುತ್ತಿದ್ದರೆ? ಕೈಗೆ ಸಿಗದಷ್ಟು ದೂರ ನಿಲ್ಲಿ. ಅವರು ಹೊರಹೋಗುವ ದಾರಿಗೂ ಅಡ್ಡ ನಿಲ್ಲಬೇಡಿ, ನಿಮ್ಮ ದಾರಿಯೂ ತೆರೆದಿರಲಿ. ದನಿ ತಗ್ಗಿಸಿ, ನಿಧಾನಕ್ಕೆ ಮಾತಾಡಿ. 'ಸಮಾಧಾನ ಮಾಡ್ಕೊಳ್ಳಿ' ಅಂದರೆ ಸಿಟ್ಟು ಇಳಿಯುವುದಕ್ಕಿಂತ ಏರುವುದೇ ಹೆಚ್ಚು, ಅದರ ಬದಲು ಏನಾಯಿತು ಅಂತ ಕೇಳಿ. ಆಯುಧ ಕಂಡರೆ ಮಾತು ಸಾಕು, ಹೊರಟುಬಿಡಿ. ಜೀವಕ್ಕೆ ಅಪಾಯ ಅಂತ ನಂಬಲು ಸರಿಯಾದ ಕಾರಣ ಇದ್ದರೆ ಕೆಲಸ ಬಿಟ್ಟು ದೂರ ಹೋಗುವುದು ಹಕ್ಕು, ಅದಕ್ಕಾಗಿ ಸೇಡು ತೀರಿಸಿಕೊಳ್ಳುವಂತಿಲ್ಲ ಅಂತ 190ನೇ ಒಪ್ಪಂದವೇ ಹೇಳುತ್ತದೆ.

ಆದಮೇಲೆ ಮೊದಲ ಕೆಲಸ ಚಿಕಿತ್ಸೆ, ಮತ್ತು ಪೆಟ್ಟು ತಿಂದವರನ್ನು ಒಬ್ಬರೇ ಬಿಡದಿರುವುದು. ಪೊಲೀಸರಿಗೆ ಹೇಳಬೇಕಾದದ್ದಾದರೆ ತಡ ಮಾಡಬಾರದು. ಕ್ಯಾಮೆರಾದ ದೃಶ್ಯವನ್ನು ಅಂದೇ ತೆಗೆದಿಡಬೇಕು, ಇಲ್ಲವಾದರೆ ಕೆಲ ದಿನಗಳಲ್ಲಿ ಅದರ ಮೇಲೆ ಹೊಸದು ಅಚ್ಚಾಗಿಬಿಡುತ್ತದೆ. ಕಂಡವರು ಬೇರೆ ಬೇರೆಯಾಗಿ, ನೆನಪು ಹಸಿ ಇರುವಾಗಲೇ ಬರೆದುಕೊಡಬೇಕು. ಆರೋಪ ಹೊತ್ತವರ ಮಾತನ್ನೂ ಕೇಳಬೇಕು, ತೀರ್ಮಾನ ಆಮೇಲೆ. ಆದರೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಕೈ ಕುಲುಕಿಸಿ, 'ಆಯ್ತಲ್ವಾ, ಕೆಲಸಕ್ಕೆ ನಡೀರಿ' ಅನ್ನುವ ರಾಜಿ ಪಂಚಾಯಿತಿ ಬೇಡ. ತನಿಖೆ ಮುಗಿಯುವವರೆಗೆ ದೂರ ಇಡಬೇಕಾದರೆ, ಜಾಗ ಬದಲಿಸುವ ತೊಂದರೆ ದೂರು ಕೊಟ್ಟವರ ತಲೆಗೇ ಬರಬಾರದು. ದೂರು ಕೊಟ್ಟ ಹೆಣ್ಣುಮಗಳನ್ನೇ ದೂರದ ಶಾಖೆಗೆ ಕಳಿಸಿದರೆ, ನೋಡುತ್ತಿರುವ ಉಳಿದವರು ಮುಂದಿನ ಸಲ ಬಾಯಿ ಬಿಡುತ್ತಾರಾ?